ಹಿಡಿಯಂಗಡಿ

ಹಿಡಿ ಸಣ್ಣದು ಎಂಬ ಕಾರಣಕ್ಕೆ ಹೊನ್ನಿಯನ್ನು ಶಾಲೆ ಬಿಡಿಸಿದರು.

ಮಹಾನವಮಿ ಕಳೆದ ಸೋಮವಾರ. ಸ್ಲೇಟು ಒರೆಸಿಕೊಂಡು, ಜಡೆ ಹಾಕಿಸಿಕೊಂಡು ಹೊರಟಿದ್ದ ಹನ್ನೊಂದು ವರ್ಷದ ಹುಡುಗಿಯನ್ನು ದೊಡ್ಡಪ್ಪ ಮಲ್ಲಪ್ಪ ಬಾಗಿಲಲ್ಲೇ ತಡೆದ. ಸ್ಲೇಟನ್ನು ಕಿತ್ತು ಗೋಡೆಯ ಗೂಡಿನಲ್ಲಿಟ್ಟ. ಅವಳನ್ನು ಅಂಗಡಿಗೆ ಕರೆದೊಯ್ದು ಅಕ್ಕಿ ಮೂಟೆಯ ಮುಂದೆ ಕೂರಿಸಿದ. ಹಿತ್ತಿಲಲ್ಲಿ ಭತ್ತ ಕೇರುತ್ತಿದ್ದ ತಾಯಿ ಮಹಾದೇವಮ್ಮನಿಗೆ ಇದು ತಿಳಿದದ್ದು ಮಧ್ಯಾಹ್ನ, ಶಾಲೆಯಿಂದ ಮಗಳು ಇನ್ನೂ ಬರಲಿಲ್ಲವಲ್ಲ ಎಂದು ಬೀದಿಗೆ ಇಣುಕಿದಾಗ.

ಶನಿವಾರಸಂತೆಯ ಪೇಟೆಬೀದಿಯಲ್ಲಿ ಆ ಅಂಗಡಿಗೆ ಬೋರ್ಡಿನ ಮೇಲೆ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು. ಬೋರ್ಡು ‘ಗುರುಸಿದ್ದಮ್ಮನವರ ದಿನಸಿ ಅಂಗಡಿ’ ಎನ್ನುತ್ತಿತ್ತು. ಜನ ಹಿಡಿಯಂಗಡಿ ಎನ್ನುತ್ತಿದ್ದರು. ಮೂವತ್ತು ವರ್ಷದ ಹಿಂದೆ ಮಹಾದೇವಮ್ಮನ ಅತ್ತೆ ಗುರುಸಿದ್ದಮ್ಮ ಸಂತೆಮಾಳದಲ್ಲಿ ಒಂದು ಗೋಣಿತಾಟು ಹಾಸಿ ಉಪ್ಪು, ಅಕ್ಕಿ, ಒಣಮೆಣಸಿನಕಾಯಿ ಇಟ್ಟುಕೊಂಡು ಕೂತವಳು. ಮಿಕ್ಕವರು ಸೇರು ಅಳೆದು ಕೈ ಕೊಡವುತ್ತಿದ್ದರು. ಇವಳು ಅಳೆದಾದ ಮೇಲೆ ಮೂಟೆಗೆ ಕೈ ಇಕ್ಕಿ ಒಂದು ಹಿಡಿ ತೆಗೆದು ಕೊಂಡವರ ಸೆರಗಿಗೆ ಹಾಕುತ್ತಿದ್ದಳು. ಗಂಡನ ಜೊತೆ ಎತ್ತಿನ ಮೇಲೆ ಉಪ್ಪಿನ ಹೇರು ಏರಿಸಿ ಇಳಿಸಿದ ಕೈ ಅದು, ಗಂಡಸರ ಕೈಗಿಂತ ಅಗಲ. ಆ ಒಂದು ಹಿಡಿಯಲ್ಲಿ ಒಂದು ಮಗುವಿನ ಹೊಟ್ಟೆ ತುಂಬುವಷ್ಟು ಗಂಜಿ ಆಗುತ್ತಿತ್ತು.

ಗೋಣಿತಾಟು ಹುಲ್ಲುಮಾಡಿನ ಅಂಗಡಿಯಾಯಿತು, ಮಾಡು ಹೆಂಚಿನದಾಯಿತು. ಆಮೇಲೆ ಕೊಡ್ಲಿಪೇಟೆಯಲ್ಲಿ ಒಂದು, ಸೋಮವಾರಪೇಟೆಯಲ್ಲಿ ಒಂದು, ಎರಡು ವರ್ಷದ ಕೆಳಗೆ ಹಿಪ್ಪೆಗುಡ್ಡ ಕಾಫಿ ಎಸ್ಟೇಟಿನ ಗೇಟಿನೊಳಗೆ ಒಂದು. ಹೊಸ ಅಂಗಡಿ ಎಲ್ಲಿ ಎದ್ದರೂ ಆ ಬೀದಿಯ ಹಳೇ ಅಂಗಡಿಗಳಲ್ಲಿ ಒಂದೆರಡು, ವರ್ಷದೊಳಗೆ ಬಾಗಿಲು ಹಾಕುತ್ತಿದ್ದವು. ಹಾಕಿದ ಬಾಗಿಲನ್ನು ಮಲ್ಲಪ್ಪ ಕೊಂಡು ಗೋಡೌನು ಮಾಡಿಕೊಳ್ಳುತ್ತಿದ್ದ. ನಾಲ್ಕೂ ಬೋರ್ಡಿನ ಮೇಲೆ ಹೆಸರಿನ ಪಕ್ಕ ಒಂದು ಮುಚ್ಚಿದ ಕೈಯ ಚಿತ್ರ. ಈಗ ಐದನೆಯದು ನಾಪೋಕ್ಲಿನಲ್ಲಿ, ಹುತ್ತರಿ ಹಬ್ಬದ ಖರೀದಿ ಶುರುವಾಗುವ ಮುಂಚೆ ತೆರೆಯಬೇಕೆಂದು ಬೋರ್ಡು ಬರೆಸುತ್ತಿದ್ದ.

ಮಹಾನವಮಿಯ ಹಿಂದಿನ ಸಂತೆಯ ದಿನ ಗುರುಸಿದ್ದಮ್ಮನ ಬೆರಳ ಗೆಣ್ಣು ಊದಿಕೊಂಡಿದ್ದವು. “ನೀನೇ ಕೂತ್ಕೊಳೆ ಇವತ್ತು” ಎಂದು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಹಿಡಿಗೆಂದೇ ಬೇರೆ ಇಡುತ್ತಿದ್ದ ಮೂಟೆ ಯಾವ ಸಂತೆಯಲ್ಲೂ ಹೊತ್ತು ಇಳಿಯುವ ಮೊದಲೇ ಬರಿದಾಗುತ್ತಿತ್ತು. ಅವತ್ತು ಸಂತೆ ಎದ್ದರೂ ಅರ್ಧ ಉಳಿದಿತ್ತು. ಮಲ್ಲಪ್ಪ ಮೂಟೆಯ ಬಾಯಿ ಬಿಡಿಸಿ ನೋಡಿದ. ಹುಡುಗಿಯ ಕೈ ನೋಡಿದ. ಮತ್ತೆ ಮೂಟೆಯ ಬಾಯಿ ಕಟ್ಟಿದ.

ಮಲ್ಲಪ್ಪ ಸತ್ತ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವವನಲ್ಲ. ಊಟಕ್ಕೆ ಕೂತಾಗ ಅವನ ಮಾತೆಲ್ಲ ಹೆಂಡತಿ ರುದ್ರಮ್ಮನಿಗೆ. ಕೇಳಿಸಿಕೊಳ್ಳಬೇಕಾದವಳು ಒಲೆಯ ಮುಂದೆ ರೊಟ್ಟಿ ತಟ್ಟುವ ಮಹಾದೇವಮ್ಮ.

“ಏ ಇವಳೇ, ಹೇಳು ಅವ್ಳಿಗೆ. ಇನ್ಮೇಲೆ ಹಿಡಿ ಹಾಕೋದು ಮನೆ ಕೈಯೇ ಆಗ್ಬೇಕು. ಆಳುಗಳ ಕೈ ಬೇಡ. ಸೋಮವಾರಪೇಟೆ, ಕೊಡ್ಲಿಪೇಟೆ, ಇಲ್ಲಿ, ತೋಟದಲ್ಲಿ, ಸಂತೆ ನೋಡ್ಕಂಡು ಗಾಡೀಲಿ ಕರ್ಕೊಂಡ್ ಹೋಗ್ತೀನಿ. ಮನೆ ಮಗಳ ಕೈ ಅಂದ್ರೆ ಜನಕ್ಕೂ ಒಂದ್ ಮರ್ಯಾದೆ.”

“ಮನೆ ಕೈ ಅಂದ್ರೆ ಭಾವನೋರ ಕೈಯೂ ಮನೇದೇ ಅಲ್ವೇನಕ್ಕ?” ಎಂದಳು ಮಹಾದೇವಮ್ಮ, ರೊಟ್ಟಿಯನ್ನು ಕಾವಲಿಗೆ ಎಸೆಯುತ್ತಾ.

ರುದ್ರಮ್ಮನಿಗೆ ನಗು ಬಂತು. ಸೆರಗಿನಲ್ಲಿ ಮುಚ್ಚಿಕೊಂಡಳು.

“ಏ ಇವಳೇ, ಹೆಣ್ ಹುಡ್ಗಿ ಓದಿ ಪಾರುಪತ್ಯಗಾರ್ ಆಗ್ಬೇಕಾ ಕೇಳು.”

“ಮೇಷ್ಟರಮ್ಮ ಆಗ್ತಾಳೆ ಅಂತ ಗಂಗಣ್ಣ ಮೇಷ್ಟ್ರೇ ಹೇಳವ್ರೆ.”

“ಗಂಗಣ್ಣನಿಗೆ ಈ ಮನೆ ಅನ್ನ ಬೇಯ್ಸೋ ಜವಾಬ್ದಾರಿ ಇಲ್ಲ ಅಂತ ಹೇಳು. ಇನ್ನೊಂದ್ ರೊಟ್ಟಿ ಹಾಕ್ಸು.”

ಗಂಗಣ್ಣ ಮೇಷ್ಟ್ರು ಮಾರನೇ ದಿನ ತಾವೇ ಬಂದರು. ಅಂಗಡಿಯ ಕಟ್ಟೆ ಹತ್ತದೆ ಬೀದಿಯಲ್ಲೇ ನಿಂತು, ಕೊಡೆಯ ತುದಿಯಿಂದ ಮಣ್ಣು ಗೀರುತ್ತಾ ಹೇಳಿದರು: “ನಾಲ್ಕನೇ ಕ್ಲಾಸಲ್ಲಿ ಉಳಿದಿರೋ ಹೆಣ್ಣುಮಗು ಇದೊಂದೇ ಮಲ್ಲಪ್ನೋರೇ. ಹುತ್ತರಿ ಕಳೆದ್ಮೇಲೆ ಇನ್‌ಸ್ಪೆಕ್ಟರ್ ಬರ್ತಾರೆ. ಅಷ್ಟರೊಳಗೆ ಬರದೇ ಇದ್ರೆ ಹೆಸರು ಹೊಡೀಬೇಕಾಗ್ತದೆ.”

“ಹೊಡೀರಿ. ಹಂಗೇ ಒಂದ್ ಸೇರು ಅಕ್ಕಿ ತಗೊಂಡ್ ಹೋಗಿ. ಹಿಡೀನೂ ಹಾಕ್ತಾಳೆ, ನಿಮ್ ಶಿಷ್ಯೆ.”

ಮೇಷ್ಟ್ರು ಅಕ್ಕಿ ತೆಗೆದುಕೊಳ್ಳಲಿಲ್ಲ. ಆದರೆ ಆಮೇಲೆ ಬರಲೂ ಇಲ್ಲ.

ಮಹಾದೇವಮ್ಮನಿಗೆ ಓದು ಬಾರದು. ಗಂಡ ಚಳಿಜ್ವರದಲ್ಲಿ ಹೋದ ಮೇಲೆ ಒಂಬತ್ತು ವರ್ಷ ಈ ಮನೆಯ ಭತ್ತ ಕುಟ್ಟಿ, ಮೆಣಸಿನಪುಡಿ ಕುಟ್ಟಿ, ಅಂಗಡಿಗೆ ಬೇಕಾದ ಹುಣಸೆ ಬಿಡಿಸಿ ಅವಳ ಬದುಕು ನಡೆದಿತ್ತು. ನಾಲ್ಕು ಅಂಗಡಿಗೂ ಹೋಗುವ ಮೆಣಸಿನಪುಡಿ ಅವಳ ಒನಕೆಯದೇ. ಇಷ್ಟೆಲ್ಲ ಮಾಡಿದವಳಿಗೆ ಈ ಮನೆಯಲ್ಲಿ ಸಿಗುತ್ತಿದ್ದದ್ದು ಎರಡು ಹೊತ್ತಿನ ಊಟ, ವರ್ಷಕ್ಕೆ ಎರಡು ಸೀರೆ, ಮತ್ತು ತಿನ್ನುವ ಅನ್ನ ಯಾರದು ಎಂದು ದಿನಕ್ಕೊಮ್ಮೆ ನೆನಪಿಸುವ ಮಾತು. ಮಗಳು ಸಂಬಳದವಳಾದರೆ ಇಬ್ಬರೂ ಒಂದು ಬಾಡಿಗೆ ಕೋಣೆಯಲ್ಲಿ ತಮ್ಮದೇ ಒಲೆ ಹಚ್ಚಬಹುದು. ಅವಳು ಬೇಡಿದ ವರ ಅದೊಂದೇ, ಅದಕ್ಕಿದ್ದ ದಾರಿಯೂ ಆ ಸ್ಲೇಟು ಒಂದೇ.

ಅತ್ತೆಯ ಬೆರಳಿಗೆ ಎಣ್ಣೆ ತಿಕ್ಕುವಾಗ ಕೇಳಿಯೇ ಬಿಟ್ಟಳು. “ನೀವೊಂದ್ ಮಾತ್ ಹೇಳ್ಬಾರ್ದೇ ಅತ್ತೆ? ನೀವು ಧರ್ಮಕ್ಕೆ ಹಾಕಿದ್ ಹಿಡಿ, ಇವ್ರು ಅದ್ರಲ್ಲೂ ಕಿತ್ಕೊಳ್ತಾವ್ರೆ.”

“ಧರ್ಮಕ್ಕೆ ಯಾವಳೇ ಹಾಕಿದ್ದು?” ಗುರುಸಿದ್ದಮ್ಮ ಕೈ ಎಳೆದುಕೊಂಡಳು. “ಎದುರಿಗೆ ಕೂತಿದ್ದ ಸೆಟ್ಟಿ ಅಂಗಡಿ ಏಳ್ಲಿ ಅಂತ ಹಾಕ್ದೆ. ಎದ್ದ. ಈಗ ಎದುರಿಗೆ ಯಾರೂ ಇಲ್ಲ, ಅವ್ನು ಸಣ್ ಹಿಡಿ ಹಾಕ್ತಾನೆ. ಯಾಪಾರ ಗೊತ್ತಿಲ್ದೋಳು ಮಾತಾಡ್ಬೇಡ. ತಿಕ್ಕು, ಹೆಬ್ಬೆಟ್ಟು ಬಿಟ್ಟಿದೀಯ.”

ಮಹಾದೇವಮ್ಮ ಹೆಬ್ಬೆಟ್ಟು ತಿಕ್ಕಿದಳು.

ಹುಡುಗಿಯನ್ನು ಒಬ್ಬಳನ್ನೇ ತೋಟಕ್ಕೆ ಕಳಿಸಿದರೆ ಊರು ಆಡಿಕೊಳ್ಳುತ್ತದೆಂದು ಭಾನುವಾರ ಭಾನುವಾರ ಮಹಾದೇವಮ್ಮನೂ ಗಾಡಿ ಹತ್ತಬೇಕಾಯಿತು. ಹಿಪ್ಪೆಗುಡ್ಡದ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇನ್ನೂರು ಜನ. ಕೂಲಿಯ ಒಂದು ಭಾಗ ವಾರದ ಪಡಿ, ಅಂದರೆ ಅಕ್ಕಿ. ಆ ಪಡಿ ಮಲ್ಲಪ್ಪನ ಅಂಗಡಿಯಿಂದಲೇ ಎಂದು ತೋಟದ ದೊರೆಗೂ ಅವನಿಗೂ ಮಾತಾಗಿತ್ತು. ಬೇರೆ ವ್ಯಾಪಾರದವನು ಗೇಟು ದಾಟುವಂತಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಪದ್ಮಯ್ಯ ಹೆಸರು ಕೂಗುತ್ತಿದ್ದ, ಅಂಗಡಿಯ ಆಳು ಗುಂಡ ಸೇರಿಗೆ ಕೋಲು ಎಳೆದು ಸಮ ಮಾಡಿ ಅಳೆಯುತ್ತಿದ್ದ, ಕೊನೆಗೆ ಹೊನ್ನಿ ತಲೆಗೊಂದರಂತೆ ಹಿಡಿ ಹಾಕುತ್ತಿದ್ದಳು.

ಮೊದಲ ಭಾನುವಾರವೇ ಮುದ್ದಿ ಎಂಬ ಕೊಯ್ಲಿನ ಹೆಂಗಸು ಹಿಡಿ ಬಿದ್ದ ಮೇಲೂ ಒಡ್ಡಿದ ಸೆರಗು ಹಿಂದಕ್ಕೆ ತೆಗೆಯದೆ ನಿಂತಳು.

“ಏನವ್ವ, ಕೈಗೆ ಮುಳ್ಳು ಚುಚ್ಚೈತಾ? ಪೂರ್ತಿ ಬಿಚ್ಚಿ ತಗೊ.”

“ಅವ್ಳ ಕೈಯೇ ಅಷ್ಟು. ನಡಿ ಮುಂದೆ,” ಎಂದ ಗುಂಡ.

“ಹಂಗಾ? ರೈಟ್ರೇ, ನಾಳೆಯಿಂದ ಕೊಯ್ಲಿಗೆ ನನ್ ಮೊಮ್ಮಗೂನ ಕಳಿಸ್ತೀನಿ. ಮೂರು ಹಣ್ಣು ಹಾಕಿದ್ರೆ ಬುಟ್ಟಿ ತುಂಬ್ತು ಅಂತ ಬರ್ಕೊಳಿ. ಅದರ ಕೈಯೇ ಅಷ್ಟು.”

ಸಾಲಿನಲ್ಲಿ ನಗು ಎದ್ದಿತು. ಪದ್ಮಯ್ಯ ತಲೆ ಎತ್ತಲಿಲ್ಲ. ಮುದ್ದಿಯ ಗಂಡ ಕೆಂಚ ಮಾತ್ರ ನಗಲಿಲ್ಲ. “ಪಡಿ ಆರು ದಿನಕ್ಕೆ ಸರಿಹೋಗ್ತದೆ, ಅಮ್ಮಾ,” ಎಂದ ಮಹಾದೇವಮ್ಮನ ಕಡೆ ತಿರುಗಿ. “ಏಳನೇ ದಿನದ ಗಂಜಿ ಈ ಹಿಡಿ ಮೇಲೆ. ನಿಮ್ಮತ್ತೆ ದೊಡ್ಡವ್ವನ ಕಾಲದಿಂದ ಹಂಗೇ. ಈಗ ಏಳನೇ ದಿನ ಒಲೆ ಮೇಲೆ ಬಿಸಿನೀರೈತೆ, ಅಷ್ಟೇ.”

ಮಹಾದೇವಮ್ಮ ಗಾಡಿಯ ನೊಗ ನೋಡಿದಳು. ಅವಳ ಚಿಂತೆ ಬೇರೆ ಇತ್ತು. ಹುತ್ತರಿಗೆ ಇನ್ನೆಷ್ಟು ವಾರ ಎಂದು ಬೆರಳು ಮಡಚುತ್ತಿದ್ದಳು.

ಮೂರನೇ ಭಾನುವಾರ ಮುದ್ದಿ ಬಂದಾಗ ಹೊನ್ನಿ ಒಂದು ಹಿಡಿ ಹಾಕಿದಳು. ಆಮೇಲೆ ಇನ್ನೊಂದು ಹಾಕಿದಳು. ಮುದ್ದಿಯ ಹಿಂದಿನವಳಿಗೂ ಎರಡು, ಅವಳ ಹಿಂದಿನವನಿಗೂ ಎರಡು. ಗುಂಡ ಸೇರು ಅಳೆಯುವವನು ಅಳೆಯುತ್ತಲೇ ಇದ್ದ. ಸಂಜೆ ಶನಿವಾರಸಂತೆಗೆ ಬಂದು ಮಲ್ಲಪ್ಪನ ಕಿವಿಗೆ ಹಾಕಿದ.

ಮಲ್ಲಪ್ಪ ಹೊಡೆಯಲಿಲ್ಲ. ಕೈ ಎತ್ತುವ ಮನೆತನ ನಮ್ಮದಲ್ಲ ಎಂದು ಅವನು ಆಗಾಗ ಹೇಳುತ್ತಿದ್ದ. ಊಟಕ್ಕೆ ಕೂತು, ತಟ್ಟೆಗೆ ಮುದ್ದೆ ಬಿದ್ದ ಮೇಲೆ ನಿಧಾನಕ್ಕೆ ಹೇಳಿದ: “ಏ ಇವಳೇ, ನಾಳೆಯಿಂದ ಆ ಹುಡ್ಗಿಗೆ ಅಕ್ಕಿ ಬೇರೆ ಬೇಯ್ಸು. ಹೊತ್ತಿಗೊಂದು ಹಿಡಿ. ಅವ್ಳ ಕೈಲೇ ತೆಗ್ದು ಹಾಕ್ಲಿ. ಎಂಟು ದಿನ. ಮುದ್ದೆ ಬೇಡ, ರೊಟ್ಟಿ ಬೇಡ. ಅಕ್ಕಿ ಎಲ್ಲಿಂದ ಬರ್ತದೆ ಅಂತ ಗೊತ್ತಾಗ್ಲಿ.”

“ಮಗು ಕಣ್ರೀ,” ಎಂದಳು ರುದ್ರಮ್ಮ.

“ಅದ್ಕೇ ಎಂಟು ದಿನ. ದೊಡ್ಡೋಳಾಗಿದ್ರೆ ತಿಂಗ್ಳು.”

ಗುರುಸಿದ್ದಮ್ಮ ಸಾರು ಕುಡಿಯುತ್ತಿದ್ದಳು. ಬಟ್ಟಲು ಕೆಳಗಿಡಲಿಲ್ಲ.

ಮಾರನೇ ದಿನ ರುದ್ರಮ್ಮ ಉಪ್ಪಿನಕಾಯಿ ಹಾಕಿಡುವ ಒಂದು ಪುಟ್ಟ ಕುಡಿಕೆಯನ್ನು ತೊಳೆದು ಒಲೆಯ ಮೂಲೆಗಿಟ್ಟಳು. ಹೊನ್ನಿ ಅಕ್ಕಿಯ ಡಬ್ಬಕ್ಕೆ ಕೈ ಹಾಕಿ ತನ್ನ ಹಿಡಿ ತೆಗೆದು ಅದರೊಳಗೆ ಬಿಟ್ಟಳು. ಬೆಂದಾಗ ಅನ್ನ ಅವಳ ಅಂಗೈಯ ಮೇಲೆ ನಿಂತಿತು. ಅವರೆಕಾಳಿನ ಸಾರಿನ ವಾಸನೆ ಮನೆಯಿಡೀ ಇತ್ತು. ಅವಳ ತಟ್ಟೆಗೆ ತಿಳಿಸಾರು ಬಂತು, ಕಾಳು ಬರಲಿಲ್ಲ.

ಮಹಾದೇವಮ್ಮ ತನ್ನ ಪಾಲಿನ ರೊಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಮಗಳಿಗೆ ತಿನ್ನಿಸಿದಳು. ಮೊದಲ ದಿನ ಹುಡುಗಿ ಎರಡೇ ತುತ್ತಿಗೆ ನುಂಗಿದಳು. ಎರಡನೇ ದಿನವೂ ಹಾಗೇ. ನಾಲ್ಕನೇ ದಿನ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಕೂತಳು.

“ಅವ್ವ, ಮುದ್ದಿಗೆ ರೊಟ್ಟಿ ಯಾರ್ ಕೊಡ್ತಾರೆ?”

“ಮುದ್ದಿ ಸುದ್ದಿ ನಿಂಗ್ಯಾಕೆ? ತಿನ್ನು ಬೇಗ. ದೊಡ್ಡಪ್ಪ ಬರ್ತಾರೆ.”

“ನಂಗೆ ದನ ಮೇಯೋಕೆ ಹೋಗೋ ಹೊತ್ಗೇ ಹಸಿವಾಗ್ತದೆ. ಅವ್ರು ಅಷ್ಟೊತ್ತಿಂದ ಗುಡ್ಡ ಹತ್ತಬೇಕು.”

“ಹೊನ್ನೀ, ತಿಂತೀಯೋ, ದನಕ್ಕೆ ಹಾಕ್ಲೋ?”

ಹುಡುಗಿ ತಿಂದಳು. ಆಮೇಲೆ ಕೇಳಲಿಲ್ಲ. ಎಂಟು ದಿನವೂ ಡಬ್ಬಕ್ಕೆ ಕೈ ಹಾಕುವ ಮುಂಚೆ ಬೆರಳು ಬಿಡಿಸಿ, ಎಷ್ಟು ಅಗಲಿಸಬಹುದೋ ಅಷ್ಟು ಅಗಲಿಸಿ, ಆಮೇಲೆ ಹಿಡಿಯುತ್ತಿದ್ದಳು. ಎಷ್ಟು ಅಗಲಿಸಿದರೂ ಬೆಂದ ಅನ್ನ ಅಷ್ಟೇ ಇರುತ್ತಿತ್ತು. ಉಪ್ಪಿನ ಮೂಟೆಗೂ ಮೆಣಸಿನ ಮೂಟೆಗೂ ಹೋಗಿ ಬಂದು ಆ ಕೈಯ ಚರ್ಮ ಗೆರೆಗೆರೆಯಾಗಿ ಒಡೆದಿತ್ತು.

ಎಸ್ಟೇಟಿನಲ್ಲಿ ಕಾಫಿ ಹಣ್ಣಾಗಿ ಗಿಡ ಕೆಂಪಗೆ ಬಾಗಿದ್ದ ವಾರ. ಭಾನುವಾರ ಪಡಿಯ ಹೊತ್ತಿಗೆ ಕೆಂಚ ಹಿಡಿಯ ಮೂಟೆಯನ್ನು ಕಾಲಿನಿಂದ ಉರುಳಿಸಿದ. ಅಕ್ಕಿ ಮಣ್ಣಿಗೆ ಚೆಲ್ಲಿತು. ಹೆಂಗಸರು ಎತ್ತಲೂ ಇಲ್ಲ, ತುಳಿಯಲೂ ಇಲ್ಲ, ದಾಟಿಕೊಂಡು ಲೈನಿಗೆ ಹೋದರು. ಸೋಮವಾರ ಕೊಯ್ಲಿಗೆ ಒಬ್ಬರೂ ಏಳಲಿಲ್ಲ. ಮಂಗಳವಾರವೂ ಇಲ್ಲ. ಹಣ್ಣು ನೆಲಕ್ಕೆ ಉದುರತೊಡಗಿತು.

ಬುಧವಾರ ರೈಟರ್ ಪದ್ಮಯ್ಯ ಕುದುರೆ ಏರಿ ಶನಿವಾರಸಂತೆಗೆ ಬಂದ. ಅವನದು ಅರೆಭಾಷೆ ಆಡುವ ಮನೆ. ಸಿಟ್ಟು ಬಂದಾಗ ಅದು ನಾಲಗೆಗೆ ಬರುತ್ತಿತ್ತು. ಹಜಾರದಲ್ಲಿ ಮಜ್ಜಿಗೆ ಕುಡಿಯುತ್ತಾ ಹೇಳಿದ: “ನಂಗೆ ಎಲ್ಲ ಗೊತ್ತುಟ್ಟು ಮಲ್ಲಪ್ಪನವ್ರೇ. ದೊಡ್ಡ ಕೈಯೋ ಸಣ್ಣ ಕೈಯೋ ನಂಗೆ ಬೇಡ. ಮುಂದಿನ ಪಡಿಗೆ ಜಗಳ ಆಗದಂಗೆ ಒಂದು ಅಳತೆ ಮಾಡಿ. ಇಲ್ಲದಿದ್ರೆ ದೊರೆ ಬೇರೆ ಅಂಗಡಿಯವನ್ನ ತರಿಸ್ತಾರೆ. ತರಿಸಿದ್ರೆ ನಾಪೋಕ್ಲಲ್ಲಿ ನಿಮ್ಮ ಹೆಸರು ಯಾರು ಕೇಳ್ತಾರೆ?”

“ನೀವೇನೂ ಯೋಚ್ನೆ ಮಾಡ್ಬೇಡಿ,” ಎಂದ ಮಲ್ಲಪ್ಪ. “ಅಳತೆ ನಾನು ಮಾಡಿಸ್ತೀನಿ. ಐದು ಅಂಗ್ಡಿಗೂ ಒಂದೇ.”

ಅವತ್ತೇ ಮೇದರ ಜವರಪ್ಪನಿಗೆ ಹೇಳಿಕಳಿಸಿದ. ಬುಟ್ಟಿ ಹೆಣೆಯುವ, ಬಿದಿರಿನ ಕೊಳವೆ ಕಡಿಯುವ ಜವರಪ್ಪ ಐದು ಗಟ್ಟಿ ಗೆಣ್ಣುಗಳನ್ನು ಆರಿಸಿಕೊಂಡು ಶನಿವಾರ ಬರಬೇಕು. ಸಂತೆಯ ಎದುರು, ತೋಟದ ಜನರ ಎದುರು, ಮನೆಮಗಳು ಹೊನ್ನಮ್ಮ ಒಂದು ಹಿಡಿ ಅಕ್ಕಿ ತೆಗೆದು ಕೊಳವೆಗೆ ಹಾಕುತ್ತಾಳೆ. ಅಕ್ಕಿ ಎಲ್ಲಿಗೆ ನಿಂತಿತೋ ಅಲ್ಲಿಗೆ ಜವರಪ್ಪ ಗರಗಸ ಇಡುತ್ತಾನೆ. ಅದೇ ಅಳತೆಗೆ ಐದು ಕೊಳವೆ. ಒಂದೊಂದರ ಮೇಲೂ ಕಾದ ಕಬ್ಬಿಣದಲ್ಲಿ ಕೈಯ ಗುರುತು. ಇನ್ನು ಮುಂದೆ ಹಿಡಿಯೆಂದರೆ ಅದೇ.

“ಹಿಡಿ ಹಾಕಿದ್ದು ಮನೆ ಕೈ, ಎಲ್ಲಾರೂ ಕಣ್ಣಾರೆ ನೋಡಿದ್ದು. ಆಮೇಲೆ ಯಾವನ್ ತುಟಿ ಬಿಚ್ತಾನೋ ನೋಡ್ತೀನಿ,” ಎಂದ ತಾಯಿಯ ಹತ್ತಿರ.

“ನಂಗೆ ಹೇಳ್ಬೇಡ. ಹುಡ್ಗಿ ಅವ್ವಂಗೆ ಹೇಳು,” ಎಂದಳು ಗುರುಸಿದ್ದಮ್ಮ. “ಹುಡ್ಗಿ ಅವ್ಳ ಮಾತು ಕೇಳೋದು.”

ಆಗ ಮಲ್ಲಪ್ಪ ಒಂಬತ್ತು ವರ್ಷದಲ್ಲಿ ಮೊದಲ ಸಲ ಅಡಿಗೆಮನೆಯ ಹೊಸ್ತಿಲಿಗೆ ಬಂದು ಮಹಾದೇವಮ್ಮನ ಮುಖ ನೋಡಿ ಮಾತಾಡಿದ.

“ನೋಡಮ್ಮ, ಬಿದ್ರು ಬಂದ್ಮೇಲೆ ಮಗು ಕೈ ನಂಗ್ಯಾಕೆ? ಶನಿವಾರ ಒಂದೇ ಒಂದ್ ಹಿಡಿ ಹಾಕ್ಲಿ. ಸೋಮವಾರದಿಂದ ಶಾಲೆ. ಗಂಗಣ್ಣನಿಗೆ ನಾನೇ ಹೇಳ್ತೀನಿ. ಮಡಿಕೇರಿಗೆ ಹೋಗಿ ಓದ್ಲಿ, ಬೇಕಾದ್ರೆ.”

“ಇನ್ನೊಂದ್ ಸಲ ಹೇಳಿ ಭಾವ.”

“ಸೋಮವಾರದಿಂದ ಶಾಲೆ.”

ಮಹಾದೇವಮ್ಮ ಅವತ್ತು ಇಡೀ ಸಂಜೆ ಕುಟ್ಟುವ ಕೆಲಸ ಬಿಟ್ಟಳು. ಗೂಡಿನಿಂದ ಸ್ಲೇಟು ತೆಗೆದು ಇದ್ದಿಲಿನಿಂದ ಉಜ್ಜಿ ತೊಳೆದಳು. ಕುಬಸದ ಕಂಕುಳು ಬಿಚ್ಚಿ ಅಗಲ ಮಾಡಿ ಹೊಲಿದಳು, ಆರು ವಾರದಲ್ಲಿ ಹುಡುಗಿ ಒಂದಷ್ಟು ಬೆಳೆದಿದ್ದಳು. “ಒಂದ್ ಹಿಡಿ, ಅಷ್ಟೇ ಕಂದ. ಆಮೇಲೆ ಆ ಅಂಗ್ಡಿ ಕಟ್ಟೆ ತುಳೀಬೇಡ ನೀನು,” ಎಂದು ಜಡೆ ಹೆಣೆಯುತ್ತಾ ಹೇಳಿದಳು.

“ಬಿದಿರು ಎಷ್ಟ್ ವರ್ಷ ಇರ್ತದೆ ಅವ್ವ?”

“ಹೊಗೆ ಹಿಡ್ಸಿ ಎಣ್ಣೆ ಹಚ್ಚಿದ್ರೆ ನಿನ್ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ. ಯಾಕೆ?”

“ಸುಮ್ನೆ.”

ಶನಿವಾರ ಸಂತೆ ತುಂಬಿದ ಹೊತ್ತಿಗೆ ಅಂಗಡಿಯ ಕಟ್ಟೆಯ ಮುಂದೆ ಜಾಗ ಮಾಡಿಸಿದ್ದರು. ರೈಟರ್ ಪದ್ಮಯ್ಯನಿಗೆ ಕುರ್ಚಿ. ಕಟ್ಟೆಯ ಮೇಲೆ ಗುರುಸಿದ್ದಮ್ಮ, ಮೈತುಂಬ ಹೊದ್ದು. ಕೆಳಗೆ ಜವರಪ್ಪ, ಮಂಡಿಯ ಸಂದಿಯಲ್ಲಿ ಬಿದಿರು, ಪಕ್ಕದಲ್ಲಿ ಗರಗಸ. ಎಸ್ಟೇಟಿನ ಗಾಡಿಯಲ್ಲಿ ಸಾಕ್ಷಿಗೆಂದು ತಂದ ಹತ್ತು ಜನ, ಮುಂದೆ ಕೆಂಚ, ಮುದ್ದಿ. ಒಪ್ಪದಿದ್ದರೆ ನಾಳಿನ ಪಡಿ ಇಲ್ಲವೆಂದು ಅವರಿಗೆ ಗಾಡಿ ಹತ್ತುವ ಮೊದಲೇ ಹೇಳಲಾಗಿತ್ತು.

ಮಲ್ಲಪ್ಪ ಗಂಟಲು ಸರಿಮಾಡಿಕೊಂಡ. “ಮೂವತ್ತು ವರ್ಷದಿಂದ ಈ ಮನೆ ಹಿಡಿ ತಪ್ಪಿಸಿಲ್ಲ. ಇನ್ಮೇಲೂ ತಪ್ಪಿಸಲ್ಲ. ಐದು ಅಂಗ್ಡೀಲೂ ಒಂದೇ ಹಿಡಿ, ಮನೆ ಕೈ ಹಿಡಿ.”

“ಮನೆ ಕೈಯಾದ್ರೆ ದೊಡ್ಡವ್ವಂದೇ ಹಾಕ್ಸಿ ಬುದ್ಧಿ,” ಎಂದಳು ಮುದ್ದಿ. “ಹಿಡಿ ಅಂಬೋದು ಹುಟ್ಟಿದ್ದು ಅಲ್ಲಿ. ನಾವು ತಿಂದಿದ್ದೂ ಅದ್ನೇ.”

ಸಂತೆಯಲ್ಲಿ ಹೌದು ಹೌದು ಎಂದು ಗುಜುಗುಜು ಎದ್ದಿತು. ಎಲ್ಲರ ಕಣ್ಣೂ ಕಟ್ಟೆಯ ಮೇಲೆ. ಗುರುಸಿದ್ದಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ನನ್ ಕೈ ಮಡಚೋಕಾಗಲ್ಲ. ಸೆಟೆದೈತೆ,” ಎಂದಳು. ಅದು ನಿಜವೇ ಆಗಿತ್ತು. ಆದರೆ ಸೆಟೆದ ಕೈಯನ್ನು ತೋರಿಸಬಹುದಿತ್ತು. ತೋರಿಸಲಿಲ್ಲ.

“ಆಯ್ತಲ್ಲ,” ಎಂದ ಮಲ್ಲಪ್ಪ. “ಬಾ ಹೊನ್ನಮ್ಮ.”

ಹೊನ್ನಿ ಹೊಲಿದು ಅಗಲ ಮಾಡಿದ ಕುಬಸ ತೊಟ್ಟು ಬಂದಳು. ಮೂಟೆಯ ಬಾಯಿ ಬಿಚ್ಚಿತ್ತು. ಕೈ ಒಳಗೆ ಹಾಕಿದಳು. ಮೊಣಕೈವರೆಗೂ ಹಾಕಿದಳು. ಜವರಪ್ಪ ಬಿದಿರನ್ನು ನೆಟ್ಟಗೆ ನಿಲ್ಲಿಸಿ ಬಾಯಿ ಅವಳ ಕಡೆ ಮಾಡಿದ. ಕೈ ಹೊರಗೆ ಬಂತು. ಅಂಗೈ ಬಿ‌ಚ್ಚಿತ್ತು, ಅದರಲ್ಲಿ ಏನೂ ಇರಲಿಲ್ಲ. ಬೆರಳಿನ ಒಡಕುಗಳಿಗೆ ಅಕ್ಕಿಯ ಹಿಟ್ಟು ಬೆಳ್ಳಗೆ ಮೆತ್ತಿಕೊಂಡಿತ್ತು.

“ಹಿಡೀಲಿಲ್ವಲ್ಲ ಮಗ,” ಎಂದ ಜವರಪ್ಪ ಮೆಲ್ಲಗೆ.

“ಇನ್ನೊಂದ್ ಸಲ ಹಾಕು,” ಎಂದ ಮಲ್ಲಪ್ಪ. ಅವನ ಮುಖದಲ್ಲಿ ಜನರಿಗೆಂದು ಇಟ್ಟ ನಗು ಇನ್ನೂ ಇತ್ತು.

“ಇಲ್ಲ ದೊಡ್ಡಪ್ಪ.”

“ಏನಿಲ್ಲ?”

ಪದ್ಮಯ್ಯ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದ. ಮಲ್ಲಪ್ಪ ಕಟ್ಟೆಯಿಂದ ಇಳಿದು ಅವಳ ಮಣಿಕಟ್ಟು ಹಿಡಿದು ಮೂಟೆಗೆ ಅದುಮಿ, ಮೇಲಿನಿಂದ ತನ್ನ ಕೈಯಲ್ಲಿ ಬೆರಳು ಮಡಚಿಸಿದ. ಹೊರಗೆ ತೆಗೆದು ಬಿದಿರಿನ ಬಾಯಿಗೆ ತರುವಷ್ಟರಲ್ಲಿ ಅವಳು ಬೆರಳು ಬಿಟ್ಟಳು. ಅಕ್ಕಿ ಬೀದಿಗೆ ಬಿತ್ತು. ಎಲ್ಲಿಂದಲೋ ಕೋಳಿ ಎರಡು ಓಡಿಬಂದವು. ಯಾರೋ ನಕ್ಕರು. ಮಲ್ಲಪ್ಪನ ಮುಖದ ನಗು ಆಗ ಹೋಯಿತು.

“ಕರೀರಿ ಅವ್ಳವ್ವನ್ನ.”

ಮಹಾದೇವಮ್ಮ ಬಾಗಿಲ ಹಿಂದೆಯೇ ಇದ್ದಳು. ಬೀದಿಯ ಗಂಡಸರ ಎದುರು ಯಾವತ್ತೂ ಇಳಿಯದವಳು ಇಳಿದು ಬಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಹೊನ್ನೀ, ನನ್ ತಾಯಿ. ಒಂದೇ ಒಂದ್ ಹಿಡಿ.”

“ಆಗಲ್ಲ ಅವ್ವ.”

“ಸೋಮವಾರ ಶಾಲೆ ಕಣೆ. ಸ್ಲೇಟು ತೊಳ್ದಿಟ್ಟಿದೀನಿ. ನಿನ್ ಹೆಸರು ಹೊಡೀತಾರೆ.”

“ಗೊತ್ತು.”

“ಗೊತ್ತಿದ್ದೂ? ನಿನ್ ಸ್ಲೇಟಿನ ಮೇಲೆ ಕಣ್ಣಿಟ್ಟು ಒಂಬತ್ತು ವರ್ಷ ಕುಟ್ಟಿದೀನಲ್ಲೇ. ಅವ್ರಿಗೆ ಹೊಟ್ಟೆ ಐತೆ, ನಂಗಿಲ್ವಾ?” ಮಹಾದೇವಮ್ಮನ ದನಿ ಏರಿತು. ಕೈ ಎತ್ತಿದಳು, ಹೊಡೆಯಲಿಲ್ಲ, ಆ ಕೈಯಿಂದಲೇ ಮಗಳ ಬೆರಳು ಹಿಡಿದಳು. “ಮಡಚು. ನಾನ್ ಹೇಳ್ತಿದೀನಿ. ನಿಮ್ಮವ್ವ ಹೇಳ್ತಿದೀನಿ. ಮಡಚು.”

“ನನ್ ಕೈ ದೊಡ್ಡದಾಗ್ತದೆ ಅವ್ವ,” ಎಂದಳು ಹೊನ್ನಿ. “ಬರೋ ವರ್ಷಕ್ಕೆ ಒಂದಿಷ್ಟು, ಅದರ ಮುಂದಿನ ವರ್ಷಕ್ಕೆ ಇನ್ನೊಂದಿಷ್ಟು. ಅಲ್ಲೀವರ್ಗೆ ನಾನೇ ಕೂತು ಹಾಕ್ತೀನಿ. ಬಿದಿರು ಬೆಳೆಯಲ್ಲ.”

ಮುದ್ದಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಜವರಪ್ಪ ಮಂಡಿಯ ನಡುವಿನ ಬಿದಿರನ್ನು ಒಮ್ಮೆ ನೋಡಿ, ಗರಗಸವನ್ನು ಇನ್ನಷ್ಟು ಆಚೆಗೆ ಸರಿಸಿದ.

“ಕೂತು ಹಾಕ್ತಾಳಂತೆ,” ಎಂದ ಮಲ್ಲಪ್ಪ ಹಲ್ಲಿನ ಸಂದಿಯಲ್ಲಿ. “ಏ, ಶಾಲೆನೂ ಇಲ್ಲ, ಸ್ಲೇಟೂ ಇಲ್ಲ, ಈ ಜನ್ಮಕ್ಕಿಲ್ಲ. ಕೇಳಿಸ್ತಾ? ಕುಡಿಕೆ ಅನ್ನ ಎಂಟು ದಿನ ಅಲ್ಲ, ಎಂಟು ತಿಂಗ್ಳು. ನಿಮ್ಮವ್ವಂಗೂ ಅದೇ ಕುಡಿಕೆ. ಕೊನೇ ಸಲ ಹೇಳ್ತಿದೀನಿ. ಹಿಡಿ.”

ಮಹಾದೇವಮ್ಮ ಮಗಳ ಕೈಯನ್ನು ಬಿಟ್ಟಿರಲಿಲ್ಲ. ಬೆರಳುಗಳು ಅವಳ ಬೆರಳಿನೊಳಗೆ ಒಂದೊಂದಾಗಿ ನೆಟ್ಟಗಾಗುವುದು ಅವಳಿಗೆ ತಿಳಿಯಿತು, ಕಿರುಬೆರಳಿನಿಂದ ಶುರುವಾಗಿ ಹೆಬ್ಬೆಟ್ಟಿನವರೆಗೆ.

“ಹಿಡಿಯಲ್ಲ,” ಎಂದಳು ಹೊನ್ನಿ.